ರೇಂಜ್ ಪರೀಕ್ಷೆ: ಬಳಕೆದಾರರ ಕೈಪಿಡಿ

ಬೇಕಾಗುವ ಸಾಮಗ್ರಿ: ಎಲೆಕ್ಟ್ರಿಕ್ ಕಾರು ಎರಡು (ಒಂದು ನಿಮ್ಮದು, ಇನ್ನೊಂದು ಪಕ್ಕದ ಮನೆಯವರದು), ನೋಟ್‌ಬುಕ್ ಒಂದು, ಬೆಸ್ಕಾಂ ಬಿಲ್ ಅರ್ಥವಾಗುವಷ್ಟು ಲೆಕ್ಕ.

ಬ್ರೋಷರನ್ನು ಕೆಳಗಿನ ಸಣ್ಣಕ್ಷರದಿಂದ ಓದಲು ಶುರುಮಾಡಿ. ನಿಮ್ಮದು ಟಾಟಾ ಕರ್ವ್ ಎನ್ನಿ. ಅದರ 55 ಯೂನಿಟ್ ಬ್ಯಾಟರಿಯ ರೇಂಜ್‌ಗೆ, ಅಂದರೆ ಒಂದು ಚಾರ್ಜಿಗೆ ಓಡುವ ದೂರಕ್ಕೆ, ಕಂಪನಿಯೇ ಮೂರು ಅಂಕಿ ಕೊಟ್ಟಿತ್ತು: 585, 502, ಮತ್ತು 400ರಿಂದ 425 ಕಿ.ಮೀ. ಕಾರು ಒಂದೇ. ಮೊದಲನೆಯದು ಊರೊಳಗಿನ ಓಟದ್ದು ಮಾತ್ರ. ಅದರಲ್ಲಿ ವೇಗ 50 ದಾಟುವುದಿಲ್ಲ. ಎರಡನೆಯದರಲ್ಲಿ 90ರವರೆಗಿನ ಓಟವೂ ಸೇರಿದೆ. ಎರಡೂ ನಡೆಯುವುದು ಪ್ರಯೋಗಾಲಯದ ಉರುಳೆಗಳ ಮೇಲೆ, ಎಸಿ ಆರಿಸಿ. ಮೂರನೆಯದು ನೂರಕ್ಕೆ 75 ಗ್ರಾಹಕರಿಗೆ ನಿಜವಾಗಿ ಸಿಕ್ಕೀತು ಎಂದು ಕಂಪನಿ ಹಾಕಿದ ಅಂದಾಜು. ಮಾರುವವರಲ್ಲಿ ಇಷ್ಟು ಪ್ರಾಮಾಣಿಕತೆ ಅಪರೂಪ, ಮೆಚ್ಚಿಕೊಳ್ಳಿ.

ಎಚ್ಚರಿಕೆ: ನಿಮ್ಮ 585 ಹಿಡಿದು ಪಕ್ಕದ ಮನೆಯ ಎಂಜಿ ವಿಂಡ್ಸರ್‌ನ 332ರ ಮುಂದೆ ಮೀಸೆ ತಿರುವಬೇಡಿ. ಅವರದು 38 ಯೂನಿಟ್ ಬ್ಯಾಟರಿ, ಎರಡೂ ಓಟ ಸೇರಿದ ಲೆಕ್ಕ. ನಿಮ್ಮ 502 ತೆಗೆದು ಭಾಗಿಸಿ. ಯೂನಿಟ್‌ಗೆ ನಿಮಗೆ ಒಂಬತ್ತು ಚಿಲ್ಲರೆ, ಅವರಿಗೆ ಒಂಬತ್ತಕ್ಕೆ ಚೂರು ಕಡಿಮೆ. ಜಗಳ ಇಲ್ಲಿಗೇ ಮುಗಿಯಬೇಕು. ಮುಗಿಯದಿದ್ದರೆ ರಸ್ತೆಗಿಳಿಯಿರಿ.

ಬೆಂಗಳೂರಿನ ನವರಂಗ್‌ನಿಂದ ಕಾರ್ಡ್ ರೋಡ್ ಹಿಡಿದು ವಿಜಯನಗರ, ನಾಯಂಡಹಳ್ಳಿ ದಾಟಿ ಕೆಂಗೇರಿಗೆ ಹೋಗಿ. ಪೆಟ್ರೋಲ್ ಕಾರಿನ ಅಭ್ಯಾಸದವರು ಈ ದಾರಿಯಲ್ಲಿ ಸುಮ್ಮನೆ ಹೊಟ್ಟೆ ಉರಿಸಿಕೊಳ್ಳುತ್ತಾರೆ. ಸಿಗ್ನಲ್‌ನಲ್ಲಿ ನಿಂತ ಮೋಟರ್ ಏನನ್ನೂ ತಿನ್ನುವುದಿಲ್ಲ. ವೇಗ ತಗ್ಗಿಸಿದಾಗಲೆಲ್ಲ ಒಂದಿಷ್ಟು ವಿದ್ಯುತ್ತು ಬ್ಯಾಟರಿಗೆ ವಾಪಸಾಗುತ್ತದೆ. ತಿನ್ನುವುದು ಎಸಿ, ಬಿಸಿಲಿನಲ್ಲಿ ಗಂಟೆಗೆ ಸುಮಾರು ಒಂದು ಯೂನಿಟ್. ಅದನ್ನು ಆರಿಸಿ ಕಿಟಕಿ ಇಳಿಸಿದರೆ, ಬ್ರೋಷರ್‌ಗೆ ಅತಿ ಹತ್ತಿರದ ರಸ್ತೆ ಎಂದರೆ ಸಂಜೆ ಆರರ ವಿಜಯನಗರ.

ಕೆಂಗೇರಿಯಲ್ಲಿ ಡ್ಯಾಶ್‌ಬೋರ್ಡ್ ತೋರಿಸುವ ರೇಂಜನ್ನು ಬರೆದುಕೊಳ್ಳಿ, ನಂಬಬೇಡಿ. ಅದು ನೀವು ಈವರೆಗೆ ಓಡಿಸಿದ್ದನ್ನು ನೋಡಿ ಮುಂದಿನದಕ್ಕೆ ಕವಡೆ ಹಾಕುತ್ತದೆ. 2023ರಲ್ಲಿ ಉದ್ಘಾಟನೆಯಾದ ಮೈಸೂರು ಎಕ್ಸ್‌ಪ್ರೆಸ್‌ವೇ ಎದುರಿಗಿರುವುದು ಅದಕ್ಕೆ ಗೊತ್ತಿಲ್ಲ. ವೇಗ 80ರಿಂದ 100ಕ್ಕೇರಿದರೆ ಗಾಳಿಯ ತಡೆ ಒಂದೂವರೆ ಪಟ್ಟಿಗೂ ಹೆಚ್ಚು. ಬ್ರೇಕ್ ಮುಟ್ಟುವ ಪ್ರಸಂಗವಿಲ್ಲ, ಹಾಗಾಗಿ ವಿದ್ಯುತ್ತು ವಾಪಸು ಬರುವುದೂ ಇಲ್ಲ. ರಾಮನಗರದ ಹೊತ್ತಿಗೆ, ಓಡಿದ ದೂರಕ್ಕಿಂತ ಕರಗಿದ ರೇಂಜೇ ಹೆಚ್ಚಿದ್ದರೆ ಗಾಬರಿ ಬೇಡ. ಉಪಕರಣ ಸರಿಯಾಗಿಯೇ ಇದೆ.

ಮೈಸೂರು ಬೆಂಗಳೂರಿಗಿಂತ ನೂರು ಚಿಲ್ಲರೆ ಮೀಟರ್ ತಗ್ಗಿನಲ್ಲಿದೆ. ಹೋಗುವ ದಾರಿಯ ಲೆಕ್ಕ ಮಾತ್ರ ಹೇಳುವವರನ್ನು ಸ್ಪರ್ಧೆಯಿಂದ ಕೈಬಿಡಿ. ಹಾಗೆಂದು ತಪ್ಪೆಲ್ಲವನ್ನೂ ಏರಿನ ತಲೆಗೆ ಕಟ್ಟಬೇಡಿ: ಅದು ನುಂಗುವುದು ನಾಲ್ಕೈದು ಕಿಲೋಮೀಟರ್. ಉಳಿದದ್ದು ನಿಮ್ಮ ಬಲಗಾಲಿನದು.

ಕೊನೆಯ ಹಂತ. ಮನೆಗೆ ಬಂದು ಚಾರ್ಜಿಗೆ ಹಾಕಿ, ಪರದೆಯ ಶೇಕಡಾವಾರು ಬಿಟ್ಟು ಗೋಡೆಯ ಮೀಟರ್ ಓದಿ. ಚಾರ್ಜಿಂಗ್‌ನಲ್ಲಿ ಸೋರಿಹೋಗುವ ವಿದ್ಯುತ್ತಿಗೂ ಬಿಲ್ ಬರುತ್ತದೆ. ಪಕ್ಕದ ಮನೆಯವರ ಮೀಟರನ್ನೂ ತೋರಿಸುವಂತೆ ಕೇಳಿ. ಈ ಹಂತದಲ್ಲಿ ಅವರಿಗೆ ಬಸವೇಶ್ವರನಗರದಲ್ಲಿ ತುರ್ತು ಕೆಲಸವೊಂದು ನೆನಪಾಗುವ ಸಂಭವವಿದೆ.