ಹಿರಿಯರೊಂದಿಗೆ ಕಾಡಿನ ಸುಲಭ ದಾರಿಗಳು

ಅಮೆರಿಕದ ರಾಷ್ಟ್ರೀಯ ಉದ್ಯಾನಗಳು ನಡೆದಾಡುವ ದಾರಿಗಳನ್ನು ಉದ್ದ ಮತ್ತು ಏರು ನೋಡಿ ಸುಲಭ, ಮಧ್ಯಮ, ಕಠಿಣ ಎಂದು ವಿಂಗಡಿಸುತ್ತವೆ. ಬೆಂಗಳೂರಿನ ಹಲಸೂರು, ಇಂದಿರಾನಗರ, ಕೆ.ಆರ್. ಪುರದ ಕಡೆಯಿಂದ ಅಲ್ಲಿನ ಮಗಳ ಮನೆಗೋ ಮಗನ ಮನೆಗೋ ಆರು ತಿಂಗಳಿಗೆಂದು ಹೋದ ಹಿರಿಯರು ಈ ವಿಂಗಡಣೆಯನ್ನು ಒಪ್ಪುವುದಿಲ್ಲ. ಅವರ ಪ್ರಕಾರ ಸುಲಭ ದಾರಿಯೆಂದರೆ ಶುರುವಿನಲ್ಲಿ ಶೌಚಾಲಯ, ನಡುವೆ ಬೆಂಚು, ಕೊನೆಯಲ್ಲಿ ಕಾಫಿ ಇರುವ ದಾರಿ. ಮೊದಲಿನ ಎರಡನ್ನು ಅಲ್ಲಿನ ಸರ್ಕಾರ ಒದಗಿಸುತ್ತದೆ. ಮೂರನೆಯದಕ್ಕೆ ಫ್ಲಾಸ್ಕ್ ಹೊರಬೇಕು, ಹೊರುವವನು ಅಳಿಯ.

ಈ ಮಾನದಂಡ ರೂಪುಗೊಂಡದ್ದು ಹಲಸೂರು ಕೆರೆಯ ಸುತ್ತ. ಇಂದಿರಾನಗರದವರಿಗೆ ಡಿಫೆನ್ಸ್ ಕಾಲೊನಿಯ ಪಾರ್ಕು, ಶಿವಾಜಿನಗರದ ಕಡೆಯವರಿಗೆ ಕಬ್ಬನ್ ಪಾರ್ಕು. ಎಲ್ಲಿ ನಡೆದರೂ ಕ್ರಮ ಒಂದೇ. ಐಟಿಐನಿಂದಲೋ ಎಚ್‌ಎಎಲ್‌ನಿಂದಲೋ ನಿವೃತ್ತರಾದ ನಾಲ್ಕೈದು ಜನ ಮಂಕಿ ಕ್ಯಾಪ್ ಹಾಕಿ, ನಾಯಿಗೆಂದು ಕೈಯಲ್ಲೊಂದು ಕೋಲು ಹಿಡಿದು ಹೊರಡುತ್ತಾರೆ. ದೂರವನ್ನು ಕಿಲೋಮೀಟರಿನಲ್ಲಿ ಅಳೆಯುವ ಪದ್ಧತಿ ಇಲ್ಲ. ಪಿಂಚಣಿ ಬಾಕಿಯ ವಿಷಯ ಮುಗಿಯುವಷ್ಟು ದೂರ, ಅಳಿಯಂದಿರ ಸಂಬಳದ ವಿಷಯ ಮುಗಿಯುವಷ್ಟು ದೂರ, ಅಷ್ಟೇ. ಎರಡನೆಯದು ಉದ್ದದ ದಾರಿ. ಆಮೇಲೆ ದರ್ಶಿನಿಯಲ್ಲಿ ಬೈಟು ಕಾಫಿ. ಕಾಫಿ ಆಗದ ನಡಿಗೆ ಲೆಕ್ಕಕ್ಕೆ ಬರುವುದಿಲ್ಲ.

ಕ್ಯಾಲಿಫೋರ್ನಿಯಾದ ಕನ್ನಡ ಮನೆಗಳವರು ಊರಿನಿಂದ ಬಂದವರನ್ನು ಮೊದಲು ಕರೆದೊಯ್ಯುವುದು ಯೊಸೆಮಿಟಿಗೆ. ಅದರ ಕಣಿವೆಯನ್ನು ಕಾಯ್ದಿಡುವ ಕಾನೂನಿಗೆ ಅಧ್ಯಕ್ಷ ಲಿಂಕನ್ 1864ರಲ್ಲಿ ರುಜು ಹಾಕಿದರು; 1890ರಲ್ಲಿ ಯೊಸೆಮಿಟಿ ರಾಷ್ಟ್ರೀಯ ಉದ್ಯಾನವಾಯಿತು. ಹಿರಿಯರಿಗೆ ಹೇಳಿಮಾಡಿಸಿದ ದಾರಿ ಅಲ್ಲಿನ ಲೋವರ್ ಯೊಸೆಮಿಟಿ ಫಾಲ್. ಒಂದು ಮೈಲಿಯ ಸುತ್ತು, ಗಟ್ಟಿ ನೆಲ, ತಲೆಯೆತ್ತಿದರೆ 739 ಮೀಟರ್ ಎತ್ತರದ ಜಲಪಾತ. ಜೋಗ 253 ಮೀಟರ್, ಇದು ಅದರ ಸುಮಾರು ಮೂರರಷ್ಟು ಎಂಬ ಮಾತನ್ನು ಅಳಿಯನಾದವನು ಆಡಬಾರದು. ಜುಲೈ ಕೊನೆಗೆ ಯೊಸೆಮಿಟಿಯ ನೀರು ಸೊರಗಿರುತ್ತದೆ. ಅದೇ ಹೊತ್ತಿಗೆ ಲಿಂಗನಮಕ್ಕಿ ಅಣೆಕಟ್ಟಿನವರು ಮನಸ್ಸು ಮಾಡಿದರೆ ಜೋಗ ಭೋರ್ಗರೆಯುತ್ತಿರುತ್ತದೆ. 'ಎತ್ತರ ಇದ್ದರಾಯ್ತೇನ್ರೀ, ನೀರೆಲ್ಲಿ?' ಎಂದು ಮಾವನವರು ಕೇಳಿದರೆ ಉತ್ತರವಿಲ್ಲ.

ಮಿರರ್ ಲೇಕ್ ಇನ್ನೊಂದು ಸುಲಭ ದಾರಿ, ಹೋಗಿಬರಲು ಎರಡು ಮೈಲಿ. ಬೇಸಿಗೆ ಮುಗಿಯುವಷ್ಟರಲ್ಲಿ ಕೆರೆ ಬತ್ತಿ ಮರಳು ಹುಲ್ಲು ಕಾಣುತ್ತದೆ. ಇದು ಅಲ್ಲಿ ಪ್ರತಿ ವರ್ಷದ ಸಹಜ ಕ್ರಿಯೆ. ಬತ್ತಿದ ಕೆರೆ ಕಂಡ ಬೆಂಗಳೂರಿನ ಹಿರಿಯರು ಅದನ್ನು ನಂಬದೆ, ಇಲ್ಲಿ ಲೇಔಟ್ ಯಾವಾಗ ಬರುತ್ತದೆ, ಸೈಟು ಅಡಿಗೆಷ್ಟು ಎಂದು ವಿಚಾರಿಸುತ್ತಾರೆ.

ಸೆಕ್ವೋಯಾ ಉದ್ಯಾನದ ಜನರಲ್ ಶೆರ್ಮನ್ ಮರದ ದಾರಿಯ ಬಗ್ಗೆ ಎಚ್ಚರ ಬೇಕು. ಕಾರು ನಿಲ್ಲಿಸಿದಲ್ಲಿಂದ ಮರದವರೆಗೆ ಅರ್ಧ ಮೈಲಿ ಇಳಿಜಾರು. ಆ ಅರ್ಧ ಮೈಲಿಯನ್ನು ಏಳು ಸಾವಿರ ಅಡಿ ಎತ್ತರದ ತೆಳುಗಾಳಿಯಲ್ಲಿ ಮತ್ತೆ ಹತ್ತಬೇಕು ಎಂಬುದನ್ನು ಮರ ನೋಡಿ ಆದ ಮೇಲೆ ತಿಳಿಸುವ ಮಕ್ಕಳೂ ಇದ್ದಾರೆ.

ಗ್ರ್ಯಾಂಡ್ ಕ್ಯಾನಿಯನ್‌ನ ದಕ್ಷಿಣ ಅಂಚಿನ ಟ್ರೇಲ್ ಆಫ್ ಟೈಮ್ ಸಮತಟ್ಟು. ಅಲ್ಲಿ ಒಂದು ಮೀಟರ್ ನಡೆದರೆ ಭೂಮಿಯ ಹತ್ತು ಲಕ್ಷ ವರ್ಷ ದಾಟಿದಂತೆ. ರಾಮ ಇದ್ದದ್ದು ಯಾವ ಕಡೆ ಎಂದು ಅಜ್ಜಿಯರು ಕೇಳುವುದುಂಟು. ಪಂಚಾಂಗದ ಪ್ರಕಾರ ದ್ವಾಪರಕ್ಕೆ 8,64,000 ವರ್ಷ, ಅದಕ್ಕೆ ಕಲಿಯುಗದ ಐದು ಸಾವಿರ ಚಿಲ್ಲರೆ ಸೇರಿಸಿದರೆ ರಾಮನ ತ್ರೇತಾಯುಗ ಮುಗಿಯುವುದು ದಾರಿಯ 87ನೇ ಸೆಂಟಿಮೀಟರಿನಲ್ಲಿ. ಹೆಜ್ಜೆ ಎತ್ತಿಡುವುದರಲ್ಲಿ ರಾಮ ಹಿಂದಾಗುತ್ತಾನೆ. ದಾರಿಯ ಪಕ್ಕ ಇಟ್ಟಿರುವ ಕಲ್ಲುಗಳಲ್ಲಿ 170 ಕೋಟಿ ವರ್ಷಕ್ಕೂ ಹಳೆಯ ವಿಷ್ಣು ಶಿಸ್ಟ್ ಒಂದು. ಹೆಸರು ಕೇಳಿದ ಅಜ್ಜಿಯರು ಅದಕ್ಕೆ ಕೈಮುಗಿಯದೆ ಮುಂದೆ ಹೋಗುವುದಿಲ್ಲ.

ಇನ್ನು ನಿಯಮಗಳು. ಹೂವು ಕೀಳಬಾರದು, ಕಲ್ಲು ತೆಗೆಯಬಾರದು, ಬಾಳೆಹಣ್ಣಿನ ಸಿಪ್ಪೆಯನ್ನೂ ಎಸೆಯಬಾರದು. ಇವನ್ನು ಪಾಲಿಸುವಂತೆ ನೋಡಿಕೊಳ್ಳಲು ರೇಂಜರ್‌ಗಳಿದ್ದಾರೆ. ಅವರ ಕಣ್ಣು ತಪ್ಪಿಸಬಹುದು. ಜೂನಿಯರ್ ರೇಂಜರ್‌ಗಳ ಕಣ್ಣು ತಪ್ಪಿಸಲು ಸಾಧ್ಯವಿಲ್ಲ. ಉದ್ಯಾನ ಕೊಡುವ ಪುಸ್ತಕ ತುಂಬಿಸಿ, ರೇಂಜರ್ ಎದುರು ಬಲಗೈ ಎತ್ತಿ ಪ್ರಮಾಣ ಮಾಡಿದ ಮಗುವಿಗೆ ಒಂದು ಬ್ಯಾಡ್ಜ್ ಸಿಗುತ್ತದೆ. ಅಲ್ಲಿಂದ ಮುಂದೆ ಆ ಮಗು ಸಂಬಳವಿಲ್ಲದ ಸರ್ಕಾರಿ ನೌಕರ, ಲಂಚಕ್ಕೂ ಬಗ್ಗುವುದಿಲ್ಲ. ಹಲಸೂರಿನ ಒಂದು ಮನೆಯ ಎಂಟು ವರ್ಷದ ಮೊಮ್ಮಗಳು ಬ್ಯಾಡ್ಜ್ ಸಿಕ್ಕ ಗಂಟೆಯೊಳಗೆ ಮೊದಲ ಜಪ್ತಿ ನಡೆಸಿದಳು: ಗೊಂಬೆ ಹಬ್ಬದ ಪಾರ್ಕಿಗೆಂದು ಅಜ್ಜಿ ಸೆರಗಿನಲ್ಲಿ ಕಟ್ಟಿಕೊಂಡಿದ್ದ ಎರಡು ಪೈನ್ ಕಾಯಿ.

ಅದೇ ಮನೆಯವರ ಇನ್ನೊಂದು ಪ್ರಕರಣ ಊಟದ ಸಂರಕ್ಷಣೆಯ ನಿಯಮಕ್ಕೆ ಸೇರಿದ್ದು. ಕಳೆದ ಜುಲೈ ಕೊನೆಯಲ್ಲಿ ನಡೆದ ಅದನ್ನು ಸ್ವಲ್ಪ ವಿವರವಾಗಿಯೇ ನೋಡಬೇಕು, ಏಕೆಂದರೆ ಎರಡು ಖಂಡಗಳ ನೆಂಟರ ನಡುವೆ ಅದರ ವಿಚಾರಣೆ ಇನ್ನೂ ಮುಗಿದಿಲ್ಲ.

ಯೊಸೆಮಿಟಿಯಲ್ಲಿ ಮುನ್ನೂರರಿಂದ ಐನೂರು ಕಪ್ಪು ಕರಡಿಗಳಿವೆ. ವಾಸನೆ ಹಿಡಿದು ಬಂದು ಕಾರಿನ ಬಾಗಿಲನ್ನೇ ಮಡಚಿ ತೆಗೆಯಬಲ್ಲವು. 1998ರ ಒಂದೇ ವರ್ಷದಲ್ಲಿ ಇಂತಹ ಹಾವಳಿ ಒಂದೂವರೆ ಸಾವಿರ ದಾಟಿತ್ತು. ಆದ್ದರಿಂದ ಡೇರೆ ಹಾಕುವ ಕಡೆಯೆಲ್ಲ ಉಕ್ಕಿನ ಲಾಕರ್ ಇಟ್ಟಿದ್ದಾರೆ. ಊಟ ಮಾತ್ರವಲ್ಲ, ಟೂತ್‌ಪೇಸ್ಟು, ಸೋಪು, ಕ್ರೀಮು, ವಾಸನೆ ಇರುವ ಯಾವುದೇ ವಸ್ತು ಅದರೊಳಗೇ ಇರಬೇಕು. ತಪ್ಪಿದರೆ 5,000 ಡಾಲರ್‌ವರೆಗೆ ದಂಡ. ನಾಲ್ಕು ಲಕ್ಷ ರೂಪಾಯಿಗೂ ಮೇಲೆ ಎಂದು ತಾತ ಮನಸ್ಸಿನಲ್ಲೇ ಗುಣಿಸಿದ್ದರು.

ಅಳಿಯ ಐದು ತಿಂಗಳು ಮುಂಚೆ, ಬೆಳಿಗ್ಗೆ ಏಳಕ್ಕೆ ಕಂಪ್ಯೂಟರಿನ ಮುಂದೆ ಕಾದು ಕುಳಿತು, ಅಪ್ಪರ್ ಪೈನ್ಸ್‌ನಲ್ಲಿ ಜಾಗ ಗಿಟ್ಟಿಸಿದ್ದ. ಸಂಜೆ ಮಗಳು ಲಾಕರ್ ತುಂಬಲು ಶುರುಮಾಡಿದಳು. ಪುಳಿಯೋಗರೆ ಗೊಜ್ಜು, ಚಟ್ನಿಪುಡಿ, ಕೋಡುಬಳೆ, ನಿಪ್ಪಟ್ಟು, ಇಂಗಿನ ಡಬ್ಬಿ, ಕೊಬ್ಬರಿ ಎಣ್ಣೆ, ಊದಿನಕಡ್ಡಿ ಎಲ್ಲ ಒಳಗೆ ಹೋದವು. ಕೊನೆಗೆ ಅಮೃತಾಂಜನದ ಬಾಟಲಿಯೂ ಹೋಯಿತು. ಬಾಗಿಲು ಹಾಕುವಷ್ಟರಲ್ಲಿ ಜೂನಿಯರ್ ರೇಂಜರ್ ಮೂಗರಳಿಸಿದಳು. ಮಧ್ಯಾಹ್ನದ ನಡಿಗೆಗೆ ನೊಂದಿದ್ದ ಎರಡು ಮಂಡಿಗೂ ತಾತ ಆಗಷ್ಟೇ ಧಾರಾಳವಾಗಿ ಹಚ್ಚಿಕೊಂಡಿದ್ದರು.

'ತಾತ, ಬಾಟಲ್ ಒಳಗಿದೆ. ಬಟ್ ಸ್ಮೆಲ್ ಹೊರಗಿದೆ,' ಎಂದಳು. ಪುಸ್ತಕ ತೆಗೆದು ನಿಯಮ ಓದಿದಳು. ಮತ್ತೆ ತೀರ್ಪು ಕೊಟ್ಟಳು: 'ಯೂ ಆರ್ ಎ ಸೆಂಟೆಡ್ ಐಟಂ.'

ಇಲ್ಲಿ ತಾಂತ್ರಿಕ ಅಂಶವೊಂದನ್ನು ಗಮನಿಸಬೇಕು. ಅಲ್ಲಿನ ಬಹುಪಾಲು ಲಾಕರ್‌ಗಳ ಅಗಲ 45 ಅಂಗುಲ, ಆಳ 33, ಎತ್ತರ 18. ತಾತನ ಎತ್ತರ 66 ಅಂಗುಲ. ಮಲಗಿಸಿದರೆ 21 ಅಂಗುಲ ಹೊರಗುಳಿಯುತ್ತದೆ. ಹೊರಗುಳಿಯುವ ಭಾಗದಲ್ಲೇ ಮಂಡಿ ಇರುವುದರಿಂದ ಉದ್ದೇಶವೇ ಹಾಳು. ಮೂಲೆಯಿಂದ ಮೂಲೆಗೆ ಓರೆಯಾಗಿಟ್ಟರೂ ಹಿಡಿಯುವುದಿಲ್ಲ. ಮಂಡಿ ಮಡಚಿದರೆ ಹಿಡಿಯಬಹುದು ಎಂದು ಮೊಮ್ಮಗಳು ಗೇಣು ಹಾಕಿ ನೋಡಿ ಹೇಳಿದಳು, ಆದರೆ ಮಂಡಿ ಮಡಚಲು ಬರುತ್ತಿದ್ದರೆ ಅಮೃತಾಂಜನವೇ ಬೇಕಿರಲಿಲ್ಲ. ಹದಿನೆಂಟು ಅಂಗುಲದ ಎತ್ತರಕ್ಕೆ ಹೊಟ್ಟೆಯ ವಿಷಯ ಬೇರೆಯೇ ಇತ್ತು. ಅಲ್ಲದೆ, ತಾತನನ್ನು ಇಡಬೇಕಾದರೆ ಗೊಜ್ಜು, ಕೋಡುಬಳೆ ಹೊರಗೆ ಬರಬೇಕು.

'ಗೊಜ್ಜು ಹೊರಗಿಟ್ರೆ ಕರಡಿ ತಿನ್ನುತ್ತೆ. ನಿಮ್ಮನ್ನ ಯಾವ ಕರಡಿ ತಿನ್ನುತ್ತೆ, ಸುಮ್ನಿರಿ,' ಎಂದು ಅಜ್ಜಿ ಆ ಪ್ರಶ್ನೆಯನ್ನು ಬಗೆಹರಿಸಿದರು. ಒಂದು ರಾತ್ರಿಯಾದರೂ ಗೊರಕೆ ಕೇಳದೆ ಮಲಗಬಹುದಿತ್ತು ಎಂಬ ವಿಷಾದವನ್ನೂ ಸೇರಿಸಿದರು.

'ಐಟಂ ಅಂತೆ ನಾನು! ಮೂವತ್ತೆಂಟು ವರ್ಷ ಸರ್ವೀಸ್ ಮಾಡಿದವನು ಐಟಂ!' ಎಂದು ತಾತ ಎದ್ದರು. 'ಬಿಡಪ್ಪ, ಮಗು ಮಾತಿಗೆಲ್ಲ,' ಎಂದಳು ಮಗಳು. ವಿಷಯ ಅಲ್ಲಿಗೇ ಮುಗಿಯುತ್ತಿತ್ತು. ಅಷ್ಟರಲ್ಲಿ ಅಳಿಯ, ಟಾರ್ಚಿನ ಬ್ಯಾಟರಿ ನೋಡುತ್ತಿದ್ದವನು, 'ಟೆಕ್ನಿಕಲಿ ಅವಳು ಹೇಳೋದು ಸರಿ ಮಾವ,' ಎಂದ. ಅಳಿಯಂದಿರು ಸತ್ಯ ನುಡಿಯಬಾರದ ಸಂದರ್ಭಗಳ ಪಟ್ಟಿಯಲ್ಲಿ ಇದನ್ನು ಮೇಲೆಯೇ ಬರೆದುಕೊಳ್ಳಬಹುದು. ತಾತ ಕುರ್ಚಿ ತೆಗೆದುಕೊಂಡು ಲಾಕರ್‌ಗೆ ಬೆನ್ನು ಹಾಕಿ ಕುಳಿತರು. ಹಲಸೂರಿನ ವಾಕಿಂಗ್ ಗೆಳೆಯರಿಗೆ ಫೋನ್ ಮಾಡಲು ಹೋದರು, ಸಿಗ್ನಲ್ ಇರಲಿಲ್ಲ.

ಮಂಡಿ ತೊಳೆಯುವ ಸಂಧಾನಸೂತ್ರ ಮಗಳದು. ತೊಳೆಯಲು ಸೋಪು ಬೇಕು. ಸೋಪಿಗೂ ವಾಸನೆ ಇದೆ. ಅದನ್ನು ಹಚ್ಚಿದರೆ ಮಂಡಿ ಮತ್ತೆ ಲಾಕರಿನ ವ್ಯಾಪ್ತಿಗೇ ಬರುತ್ತದೆ. ಬರೀ ನೀರಿಗೆ ಕರ್ಪೂರವೂ ಮೆಂಥಾಲೂ ಜಗ್ಗಲಿಲ್ಲ. ಒರೆಸಿದ ಟವೆಲಿಗೂ ವಾಸನೆ ಅಂಟಿತು, ಟವೆಲ್ ಒಳಗೆ ಹೋಯಿತು. ಒರೆಸಿದ ಅಜ್ಜಿಯ ಕೈಯನ್ನೂ ರೇಂಜರ್ ಮೂಸಿ ನೋಡಿ ಹುಬ್ಬು ಗಂಟಿಕ್ಕಿದಳು. ಹೀಗೇ ಮುಂದುವರಿದಿದ್ದರೆ ಬೆಳಗಾಗುವಷ್ಟರಲ್ಲಿ ಇಡೀ ಕುಟುಂಬ ಲಾಕರಿನೊಳಗಿದ್ದು, ಡೇರೆ ಖಾಲಿ ಇರುತ್ತಿತ್ತು.

ಕರಡಿಯ ಬಗ್ಗೆ ಹಲಸೂರಿಗೂ ಹಳೆಯ ಅನುಭವವಿದೆ. ತಾತ ಚಿಕ್ಕವರಿದ್ದಾಗ ಕಂಟೋನ್ಮೆಂಟಿನ ಬೀದಿಗಳಿಗೆ ಕರಡಿ ಆಡಿಸುವವರು ಬರುತ್ತಿದ್ದರು. ರಾತ್ರಿ ಬೆಚ್ಚಿಬೀಳುವ ಮಕ್ಕಳನ್ನು ಕರಡಿಯ ಬೆನ್ನ ಮೇಲೆ ಕೂರಿಸುವುದು, ಅದರ ಕೂದಲನ್ನು ತಾಯತದಲ್ಲಿಟ್ಟು ಕಟ್ಟುವುದು ಆಗಿನ ಮದ್ದು. 'ಕರಡಿ ಮೇಲೆ ಕೂತವನು ನಾನು, ನನಗೇನು ಭಯ!' ಎಂದು ತಾತ ಆ ರಾತ್ರಿ ಘೋಷಿಸಿದ್ದು ಈ ಆಧಾರದ ಮೇಲೆ. ರೇಂಜರ್ ತಬ್ಬಿಬ್ಬಾದಳು. ಪುಸ್ತಕದಲ್ಲಿ ಇದಕ್ಕೆ ನಿಯಮವಿರಲಿಲ್ಲ. ಕುರ್ಚಿಯ ಹತ್ತಿರ ಬಂದು, ಕರಡಿಯನ್ನು ಹೇಗೆ ಹಿಡಿದುಕೊಂಡಿದ್ದರು ಎಂದು ಕೇಳಿದಳು. ಮೂಗಿಗೆ ಹಗ್ಗ ಪೋಣಿಸಿದ್ದರು ಎಂದರು ತಾತ. 'ಅದಕ್ಕೆ ನೋವಾಗ್ತಿತ್ತಾ?' ಎಪ್ಪತ್ತು ವರ್ಷದಲ್ಲಿ ತಾತನನ್ನು ಹಾಗೆ ಯಾರೂ ಕೇಳಿರಲಿಲ್ಲ. 'ಆಗ್ತಿತ್ತು ಅನ್ಸುತ್ತೆ ಪುಟ್ಟ,' ಎಂದರು, ಸ್ವಲ್ಪ ತಡವಾಗಿ. ರಾತ್ರಿ ಅವಳು ಡೇರೆಯ ಬಾಗಿಲ ಪಕ್ಕ ತಾತನಿಗೆ ಅಡ್ಡವಾಗಿ ಟಾರ್ಚ್ ಹಿಡಿದು ಮಲಗಿದಳು. ಐಟಂ ಹೊರಗೇ ಉಳಿದ ಮೇಲೆ ಅದನ್ನು ಕಾಯುವುದು ರೇಂಜರ್ ಕೆಲಸ ಎಂಬುದು ಅವಳ ಸಮಜಾಯಿಷಿ. ಕರಡಿ ಬರಲಿಲ್ಲ. ಬೆಳಿಗ್ಗೆ ಅಜ್ಜಿ, ಗೊರಕೆಗೆ ಹೆದರಿರಬೇಕು ಎಂದರು.

ಕರ್ನಾಟಕದಲ್ಲೂ ಕರಡಿಗೆಂದೇ ಒಂದು ಅಭಯಾರಣ್ಯವಿದೆ, ಹಂಪಿಯ ಹತ್ತಿರದ ದರೋಜಿ, 1994ರದು. ಅಲ್ಲಿ ಸಿಬ್ಬಂದಿಯೇ ಬಂಡೆಗಳಿಗೆ ಬೆಲ್ಲದ ಪಾಕ ಬಳಿದು ಕರಡಿಗಳನ್ನು ಕರೆಯುತ್ತಾರೆ, ಜನ ವೀಕ್ಷಣಾ ಗೋಪುರದಿಂದ ನೋಡುತ್ತಾರೆ. ವಾಸನೆ ಬಚ್ಚಿಡಲು ಉಕ್ಕಿನ ಪೆಟ್ಟಿಗೆ ಕೊಡುವ ಸರ್ಕಾರಕ್ಕಿಂತ ಬಂಡೆಗೆ ಬೆಲ್ಲ ಹಚ್ಚುವ ಸರ್ಕಾರ ದೊಡ್ಡ ಮನಸ್ಸಿನದು ಎಂಬ ವಾದವನ್ನು ತಾತ ಈಗ ಕೆರೆ ದಂಡೆಯಲ್ಲಿ ಮಂಡಿಸುತ್ತಿದ್ದಾರೆ.

ಆದರೆ ಸುಲಭ ನಡಿಗೆಗೆ ನಮ್ಮ ರಾಷ್ಟ್ರೀಯ ಉದ್ಯಾನಗಳು ಒದಗುವುದು ಕಡಿಮೆ. ಬಂಡೀಪುರ, ನಾಗರಹೊಳೆಗಳಲ್ಲಿ ಆನೆ ಹುಲಿಗಳಿರುವುದರಿಂದ ವಾಹನ ಬಿಟ್ಟು ಇಳಿಯುವಂತಿಲ್ಲ. ಕುದುರೆಮುಖದಲ್ಲಿ ಅನುಮತಿ ಪಡೆದು ಹತ್ತಬಹುದು, ಅದು ಮಂಡಿ ಗಟ್ಟಿ ಇರುವವರಿಗೆ. ಬೆಂಗಳೂರಿನ ಕುಟುಂಬಗಳಿಗೆ ಉಳಿಯುವುದು 1974ರಲ್ಲಿ ಘೋಷಣೆಯಾದ ಬನ್ನೇರುಘಟ್ಟ, ಮತ್ತು ಅಲ್ಲಿನ ಸಫಾರಿ ಬಸ್ಸು. ಬೀದಿಗಳಿಂದ ಬಿಡಿಸಿ ತಂದ ಕರಡಿಗಳಿಗೆ ಅಲ್ಲೇ ಪುನರ್ವಸತಿ ಕೇಂದ್ರವಿದೆ. ಕೊನೆಯ ಕುಣಿಯುವ ಕರಡಿ ಎಂದು ಹೆಸರಾದ ರಾಜು 2009ರಲ್ಲಿ ಬಂದು ಸೇರಿದ್ದು ಅಲ್ಲಿಗೆ.

ಡಿಸೆಂಬರ್ ರಜೆಯಲ್ಲಿ ಹಲಸೂರಿಗೆ ಬಂದ ಮೊಮ್ಮಗಳನ್ನು ತಾತ ಅಲ್ಲಿಗೆ ಕರೆದೊಯ್ದರು. ಕಿಟಕಿಗಳಿಗೆಲ್ಲ ಕಬ್ಬಿಣದ ಜಾಲರಿ ಹಾಕಿದ ಬಸ್ಸು. ಒಳಗೆ ಚಿತ್ರಾನ್ನ, ಮಲ್ಲಿಗೆ ಹೂವು, ನಾನಾ ಬಗೆಯ ನೋವಿನ ಮುಲಾಮು ಹಚ್ಚಿದ ಹಿರಿಯರು. ಹೊರಗೆ ಮರದ ಕೆಳಗೆ ಕರಡಿಗಳು ಆರಾಮವಾಗಿ ಅಡ್ಡಾಡುತ್ತಿದ್ದವು. ಅವಳು ಬಸ್ಸಿನ ಉದ್ದಕ್ಕೂ ಒಮ್ಮೆ ತಪಾಸಣೆ ಮಾಡಿ ತಲೆಯಾಡಿಸಿದಳು. 'ಸೀ ತಾತ, ಇಲ್ಲಿ ಎಲ್ಲಾ ತಾತಾಸ್‌ನೂ ಲಾಕರ್ ಒಳಗೇ ಹಾಕಿದ್ದಾರೆ.' ತಾತ ಈ ಸಲ ಆಕ್ಷೇಪಿಸಲಿಲ್ಲ. ಕಿಟಕಿ ಪಕ್ಕದ ಸೀಟು ಸಿಕ್ಕಿತ್ತು. ಬನ್ನೇರುಘಟ್ಟಕ್ಕೆ ಮಂಗಳವಾರ ರಜೆ.