ಮಕ್ಕಳು ಮುಟ್ಟಬಾರದು

ಮಕ್ಕಳಿಗೆ ಗಣಿತ ಹಿಡಿಸುವಂತೆ ಮಾಡುವುದು ಹೇಗೆಂದು ಕೇಳಲು ಒಬ್ಬ ಶಿಕ್ಷಣ ತಜ್ಞರನ್ನು ಹುಡುಕಿಕೊಂಡು ಹೊರಟಿದ್ದೆ. ಅವರು ಅದೇ ವಿಷಯದ ವಿಚಾರ ಸಂಕಿರಣಕ್ಕೆಂದು ಊರು ಬಿಟ್ಟಿದ್ದರು. ಸಿಕ್ಕಿದ್ದು ಬೆಂಗಳೂರಿನ ಅಪಾರ್ಟ್‌ಮೆಂಟೊಂದರ ಒಂಬತ್ತನೇ ಮಹಡಿಯಲ್ಲಿ, ಹಾಲಿನ ಗೋಡೆಗೆ ನೇತುಹಾಕಿದ್ದ ಹಲಸಿನ ಮರದ ಅಳಗುಳಿಮಣೆ. ಮನೆಯ ಯಜಮಾನಿ ಒಳಕೋಣೆಯಲ್ಲಿ ಮೀಟಿಂಗ್‌ನಲ್ಲಿದ್ದರು. ಐದನೇ ಕ್ಲಾಸಿನ ಮಗ ಅಬ್ಯಾಕಸ್ ಕ್ಲಾಸಿಗೆ ಹೋಗಿದ್ದ. ಮಾತಿಗೆ ಒಳ್ಳೆಯ ಸಮಯ.

ನಾನು: ನಮಸ್ಕಾರ ಮಣೆಯಮ್ಮ. ಹೇಗಿದ್ದೀರಿ?

ಮಣೆ: ನೇತಾಡ್ತಿದ್ದೀನಿ. ಎರಡು ಸಾಲು, ಸಾಲಿಗೆ ಏಳರಂತೆ 14 ಮನೆ ನನಗೆ. ಅದರಲ್ಲಿ ಒಂದರ ನಡುವೆಯೇ ಡ್ರಿಲ್ ಹೊಡೆದು ಸ್ಕ್ರೂ ಬಿಗಿದಿದ್ದಾರೆ. ಮೇಲಿನಿಂದ ಹಳದಿ ದೀಪ ಬೇರೆ. ಬಂದವರೆಲ್ಲ "ವಾವ್, ಆ್ಯಂಟಿಕ್" ಅಂತಾರೆ. ಮೊನ್ನೆ ಒಬ್ಬರು ಹಳೇ ಕಾಲದ ಪಡ್ಡಿನ ಕಾವಲಿಯಾ ಅಂದ್ರು. ಮರದ ಕಾವಲಿಯಲ್ಲಿ ಪಡ್ಡು ಹುಯ್ಯೋದು ಹೇಗಪ್ಪಾ ಅಂತ ಬಾಯಿಗೆ ಬಂತು, ನುಂಗಿಕೊಂಡೆ.

ನಾನು: ಮಕ್ಕಳಲ್ಲಿ ಗಣಿತದ ಆಸಕ್ತಿ ಬೆಳೆಸುವ ಬಗ್ಗೆ ತಮ್ಮ ಅಭಿಪ್ರಾಯ?

ಮಣೆ: ಗಣಿತ ಅನ್ನೋ ಹೆಸರನ್ನೇ ನಾನು ಕೇಳಿದ್ದು ಈ ಮನೆಗೆ ಬಂದ ಮೇಲೆ. ಸಂಜೆ ಏಳಕ್ಕೆ ಶುರುವಾಗುತ್ತೆ. ಮೊದಲು ಅಮ್ಮನ ದನಿ, ಆಮೇಲೆ ಅಪ್ಪನ ದನಿ, ಕೊನೆಗೆ ಹುಡುಗನ ಅಳು. ಈ ಮೂರೂ ಸೇರಿದರೆ ಗಣಿತ ಅಂತ ತಿಳಕೊಂಡಿದ್ದೀನಿ. ತಪ್ಪಿದ್ದರೆ ತಿದ್ದು.

ನಾನು: ಅದಕ್ಕೆ ಮುಂಚೆ ಎಲ್ಲಿದ್ರಿ?

ಮಣೆ: ತೀರ್ಥಹಳ್ಳಿ ಕಡೆ, ಒಂದು ಮನೆಯ ಜಗಲಿಯಲ್ಲಿ. ಮಳೆ ಹಿಡಿದರೆ ನನಗೆ ಬಿಡುವಿಲ್ಲ. ಮನೆಗೆ ಐದರಂತೆ ಹುಣಸೆ ಬೀಜ, ಒಟ್ಟು 70. ಒಂದು ಮನೆಯದ್ದನ್ನೆಲ್ಲ ಎತ್ತಿ ಮುಂದಿನ ಮನೆಗಳಿಗೆ ಒಂದೊಂದೇ ಹಾಕ್ತಾ ಹೋಗೋದು. ಕೈ ಖಾಲಿಯಾದಾಗ ಅದರ ಮುಂದಿನ ಮನೆ ಎತ್ತಿ ಮತ್ತೆ ಹಂಚೋದು. ಮುಂದೆ ಖಾಲಿ ಮನೆ ಸಿಕ್ಕರೆ ಅದನ್ನ ಸವರಿ, ಅದರಾಚೆ ಇರೋದನ್ನ ಬಾಚಿಕೊಳ್ಳೋದು. ನಿಯಮ ಊರಿಂದೂರಿಗೆ ಬೇರೆ, ಜಗಳ ಮಾತ್ರ ಎಲ್ಲ ಕಡೆ ಒಂದೇ. ಆ ಮನೆಯ ಅಜ್ಜಿ ಇದ್ದಳಲ್ಲ, ಮಹಾ ಮೋಸಗಾತಿ.

ನಾನು: ಮಕ್ಕಳ ಜೊತೆ ಮೋಸವೇ?

ಮಣೆ: ಇನ್ಯಾರ ಜೊತೆ ಮಾಡ್ತಾಳೆ? ಕೊನೆಯ ಬೀಜ ತನಗೆ ಬೇಕಾದ ಕಡೆ ಬೀಳಲಿ ಅಂತ ಒಂದನ್ನ ಮೆಲ್ಲಗೆ ಸೆರಗಿಗೆ ಜಾರಿಸೋಳು. ಒಂದು ದಿನ ಆಟ ಮುಗಿದಾಗ ಮೊಮ್ಮಗಳ ಪಾಲಿಗೆ 29, ಅಜ್ಜಿಗೆ 40. ಆರು ವರ್ಷದ ಹುಡುಗಿ ಸೋತೆ ಅಂತ ಅಳಲಿಲ್ಲ. ಬೆರಳು ಮಡಿಸಿ, ಬಿಚ್ಚಿ, ಮತ್ತೆ ಮಡಿಸಿ, "ಅಜ್ಜೀ, ಅರವತ್ತೊಂಬತ್ತೇ ಆಯ್ತು, ಸೆರಗು ಕೊಡವು" ಅಂದ್ಲು. ಬೀಜ ಎಷ್ಟೇ ಮನೆ ತಿರುಗಿದರೂ ಮೊತ್ತ ಬದಲಾಗಬಾರದು ಅನ್ನೋದನ್ನ ಅವಳಿಗೆ ಯಾರೂ ಹೇಳಿಕೊಟ್ಟಿರಲಿಲ್ಲ. ಮುದುಕಿಯ ಕಳ್ಳತನ ಹಿಡಿಯೋಕೆ ಬೇಕಾಯ್ತು, ಹುಡುಕಿಕೊಂಡಳು. ಮಾರನೇ ದಿನದಿಂದ ಅಜ್ಜಿ ಒಂದರ ಬದಲು ಮೂರು ಬೀಜ ಕದಿಯೋಕೆ ಶುರು ಮಾಡಿದ್ಲು, ಬೇರೆ ಬೇರೆ ಮನೆಯಿಂದ. ಲೆಕ್ಕ ಕಷ್ಟವಾಗಲಿ ಅಂತ.

ನಾನು: ಆ ಹುಡುಗಿ ಈಗ ಎಲ್ಲಿದ್ದಾಳೆ?

ಮಣೆ: ಒಳಗೆ ಮೀಟಿಂಗ್‌ನಲ್ಲಿ. ಮಗನ ಅಬ್ಯಾಕಸ್ ಫೀಸು ಕಟ್ಟೋಳು ಅವಳೇ.

ನಾನು: ಆದರೂ ಬೀಜ ಎಣಿಸುವುದನ್ನೆಲ್ಲ ಗಣಿತ ಅನ್ನಬಹುದೇ?

ಮಣೆ: ಸರಿ, ಹೇಳು. 14 ಬೀಜ ಇರೋ ಮನೆ ಎತ್ತಿ ಹಂಚಿದರೆ ಕೊನೆಯದು ಎಲ್ಲಿ ಬೀಳುತ್ತೆ?

ನಾನು: ...ಹಂಚಿ ನೋಡಬೇಕು.

ಮಣೆ: ಎತ್ತಿದ ಮನೆಗೇ ಬೀಳುತ್ತೆ, ಒಂದು ಸುತ್ತು ಪೂರ್ತಿ. 17 ಇದ್ದರೆ ಅಲ್ಲಿಂದ ಮೂರನೇ ಮನೆ. ಈ ಹುಡುಗಿ ಏಳನೇ ವಯಸ್ಸಿಗೇ ಹಂಚದೆ ಹೇಳ್ತಿದ್ಲು, ಹದಿನಾಲ್ಕನ್ನ ಕಳೆದು ಉಳಿದದ್ದನ್ನಷ್ಟೇ ನೋಡಿ. ಅದೇ ಉಪಾಯವನ್ನ ವಾರಕ್ಕೆ ಹಾಕು. ಇವತ್ತು ಸೋಮವಾರ, ಇನ್ನು 100 ದಿನಕ್ಕೆ ಯಾವ ವಾರ? ಏಳೇಳಾಗಿ ತೆಗೆದರೆ 98 ಹೋಯ್ತು, ಉಳಿದದ್ದು ಎರಡು, ಬುಧವಾರ. ಇದಕ್ಕೆ ಕಾಲೇಜಿನಲ್ಲಿ ಮಾಡ್ಯುಲರ್ ಅರಿತ್‌ಮೆಟಿಕ್ ಅಂತ ದೊಡ್ಡ ಹೆಸರಿದೆಯಂತೆ, ಕೆಳಗಿನ ಕಪಾಟಿನ ಪುಸ್ತಕ ಹೇಳ್ತು. ಆ ಪುಸ್ತಕವನ್ನೂ ಯಾರೂ ತೆಗೆಯಲ್ಲ. ನಾವಿಬ್ಬರೂ ಮಾತಾಡಿಕೊಂಡು ಕಾಲ ಕಳೀತೀವಿ.

ನಾನು: ಹಾಗಿದ್ದರೆ ಮಗ್ಗಿ ಬಾಯಿಪಾಠ ಬೇಡ ಅನ್ನುತ್ತೀರಾ?

ಮಣೆ: ಯಾರಂದರು? ಮಗ್ಗಿ ನಾಲಿಗೆಯ ಮೇಲಿದ್ದವನು ನನ್ನ ಮುಂದೆ ಬೇಗ ಗೆಲ್ತಾನೆ. ಆದರೆ ಮಾತಾಡಿದ್ದಕ್ಕೆ 17ರ ಮಗ್ಗಿ ಇಪ್ಪತ್ತು ಸಲ ಬರಿ ಅಂತಾರಲ್ಲ, ಅಲ್ಲಿ ಕೆಡುತ್ತೆ. ಶಿಕ್ಷೆ ಅಂತ ದಿನಾ ಹೋಳಿಗೆ ತುರುಕಿದರೆ ಹೋಳಿಗೆಯ ಮೇಲೂ ಮಗುವಿಗೆ ದ್ವೇಷ ಬರುತ್ತೆ.

ನಾನು: ಈ ಮನೆಯ ಹುಡುಗ ಅಬ್ಯಾಕಸ್ ಜೊತೆಗೆ ವೇದಗಣಿತಕ್ಕೂ ಹೋಗುತ್ತಾನಂತೆ. ಪರಂಪರೆಯ ಬಗ್ಗೆ ಹೆಮ್ಮೆಯಲ್ಲವೇ?

ಮಣೆ: ಭಾನುವಾರ ಭಾನುವಾರ ಹೋಗ್ತಾನೆ. ಒಳ್ಳೊಳ್ಳೆ ಅಡ್ಡದಾರಿಗಳಿವೆ ಅದರಲ್ಲಿ, ಇಲ್ಲ ಅನ್ನಲ್ಲ. ಆದರೆ ಆ ವೇದಗಣಿತದ ಪುಸ್ತಕ ಅಚ್ಚಾದದ್ದು 1965ರಲ್ಲಿ, ಅದರ ಸೂತ್ರಗಳು ವೇದದಲ್ಲಿ ಎಲ್ಲಿವೆ ಅಂತ ಕೇಳಿದ ವಿದ್ವಾಂಸರಿಗೆ ಉತ್ತರ ಸಿಕ್ಕಿಲ್ಲ. ವಯಸ್ಸಿನಲ್ಲಿ ನಾನೇ ಹಿರಿಯಳು. ಪರಂಪರೆ ಬೇಕಿದ್ದರೆ ಮನೆಯಲ್ಲೇ ಇತ್ತಲ್ಲ. ರಾಷ್ಟ್ರಕೂಟರ ಅಮೋಘವರ್ಷನ ಕಾಲದಲ್ಲಿ, 9ನೇ ಶತಮಾನದಲ್ಲಿ, ಮಹಾವೀರಾಚಾರ್ಯ 'ಗಣಿತಸಾರಸಂಗ್ರಹ' ಬರೆದ. 139ನ್ನ 109ರಿಂದ ಗುಣಿಸು, 15151 ಬರುತ್ತೆ, ಹಿಂದಿನಿಂದ ಓದಿದರೂ ಅದೇ. ಇಂಥ ಗುಣಲಬ್ಧಗಳನ್ನ ಕೊರಳ ಹಾರ ಅಂತ ಕರೆದು ಪೋಣಿಸಿಟ್ಟ ಪುಣ್ಯಾತ್ಮ ಅವನು. 12ನೇ ಶತಮಾನದಲ್ಲಿ ರಾಜಾದಿತ್ಯ 'ವ್ಯವಹಾರಗಣಿತ'ವನ್ನ ಕನ್ನಡದಲ್ಲೇ ಬರೆದ. ಇವರ ಹೆಸರು ಈ ಹಾಲಿನಲ್ಲಿ ಯಾರ ಬಾಯಿಂದಲೂ ಬಂದದ್ದಿಲ್ಲ. "ನಮ್ಮ ಪೂರ್ವಜರು ಎಲ್ಲ ಕಂಡುಹಿಡಿದಿದ್ದರು" ಅನ್ನೋ ಮೆಸೇಜು ಮಾತ್ರ ದಿನಾ ಬರುತ್ತೆ.

ನಾನು: ಶಕುಂತಲಾ ದೇವಿ?

ಮಣೆ: ಅವರ ವಿಡಿಯೊ ಹುಡುಗನಿಗೆ ವಾರಕ್ಕೊಮ್ಮೆ ತೋರಿಸ್ತಾರೆ. 1980ರಲ್ಲಿ ಲಂಡನ್ನಿನಲ್ಲಿ 13 ಅಂಕಿಯ ಎರಡು ಸಂಖ್ಯೆಗಳನ್ನ 28 ಸೆಕೆಂಡಿನಲ್ಲಿ ಗುಣಿಸಿದ್ರು, ಇದೇ ಬೆಂಗಳೂರಲ್ಲಿ ಹುಟ್ಟಿದವರು, ನೀನ್ಯಾಕೆ ಮಾಡಬಾರದು ಅಂತ. ಅವರ ಅಪ್ಪ ಸರ್ಕಸ್ಸಿನಲ್ಲಿದ್ದರು, ಮೂರು ವರ್ಷದ ಮಗಳ ಚುರುಕು ಗೊತ್ತಾಗಿದ್ದು ಇಸ್ಪೀಟಿನ ಆಟದಲ್ಲಿ, ಕ್ರಮವಾಗಿ ಶಾಲೆಗೆ ಹೋದವರಲ್ಲ ಅನ್ನೋ ಭಾಗ ಬಂದಾಗ ಹುಡುಗನ ಅಪ್ಪ ವಿಡಿಯೊ ಮುಂದಕ್ಕೆ ಓಡಿಸಿಬಿಡ್ತಾನೆ. ಯಾವ ತಂದೆ ಮಗನ ಕೈಗೆ ಇಸ್ಪೀಟು ಕೊಡ್ತಾನೆ ಹೇಳು!

ನಾನು: ಅಪ್ಪನಿಗೆ ಗಣಿತ ಹೇಗೆ?

ಮಣೆ: "ನನಗೂ ಮ್ಯಾತ್ಸ್ ಬರ್ತಿರ್ಲಿಲ್ಲ ಬಿಡು" ಅಂತ ನಗ್ತಾ ಹೇಳ್ತಾನೆ, ಮಗನ ಎದುರೇ. ನನಗೆ ಓದೋಕೆ ಬರಲ್ಲ ಅಂತ ಯಾರಾದರೂ ನಗ್ತಾ ಹೇಳ್ತಾರಾ? ಮ್ಯಾಚ್ ದಿನ ನೋಡಬೇಕು ಅವನನ್ನ. 30 ಬಾಲಿಗೆ 52 ಬೇಕು ಅಂದರೆ, ಪರದೆಯ ಮೇಲೆ ಬರೋ ಮುಂಚೆ "ಓವರಿಗೆ ಹತ್ತು ಪಾಯಿಂಟ್ ನಾಲ್ಕು" ಅಂತ ಕೂಗ್ತಾನೆ. ಹುಡುಗ ಪಕ್ಕದಲ್ಲೇ ಕುಣೀತಿರ್ತಾನೆ. "ಹೋಗಿ ಓದ್ಕೋ, ನಾಳೆ ಮ್ಯಾತ್ಸ್ ಟೆಸ್ಟು" ಅಂತ ಓಡಿಸೋದೂ ಆಗಲೇ.

ನಾನು: ಅಂದರೆ ಶಾಲೆಯ ಲೆಕ್ಕಕ್ಕಿಂತ ಆಟದ, ಸಂತೆಯ ಲೆಕ್ಕವೇ ಮೇಲು ಅಂತಲೇ?

ಮಣೆ: ಅವಸರ ಬೇಡ. ನನ್ನನ್ನ ಊರಿಂದ ಸುತ್ತಿ ತಂದದ್ದು 2025ರ ಪೇಪರಿನಲ್ಲಿ. ಕಾರಿನ ಡಿಕ್ಕಿಯಲ್ಲಿ ಬೇರೆ ಕೆಲಸವಿಲ್ಲದೆ ಅದನ್ನೇ ಓದಿದೆ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡಫ್ಲೊ ಮತ್ತವರ ಜೊತೆಯವರು ಕೋಲ್ಕತ್ತಾ, ದೆಹಲಿಯ ಮಾರುಕಟ್ಟೆಗಳಲ್ಲಿ ದುಡಿಯೋ ಮಕ್ಕಳನ್ನ ಪರೀಕ್ಷಿಸಿದ್ದರು. ಇಷ್ಟು ಆಲೂಗಡ್ಡೆ, ಅಷ್ಟು ಈರುಳ್ಳಿ ಅಂದರೆ ಮನಸ್ಸಿನಲ್ಲೇ ಲೆಕ್ಕ ಹಾಕಿ ಚಿಲ್ಲರೆ ಕೊಡೋ ಮಕ್ಕಳು, ಅದನ್ನೇ ಶಾಲೆಯ ಲೆಕ್ಕದ ರೂಪದಲ್ಲಿ ಕೊಟ್ಟರೆ ತಡವರಿಸಿದರು. ಶಾಲೆಯ ಮಕ್ಕಳು ಹಾಳೆಯ ಮೇಲೆ ಚೆನ್ನಾಗಿ ಮಾಡಿ, ಮಾರುಕಟ್ಟೆಯ ಲೆಕ್ಕಕ್ಕೆ ಕಕ್ಕಾಬಿಕ್ಕಿಯಾದರು. ಎರಡೂ ಕಡೆ ಜಾಣರೇ. ನಡುವೆ ಬಾಗಿಲಿಲ್ಲ. ನಮ್ಮ ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂತೆ, ಮೆಟ್ರಿಕ್ ಮೇಳ ಅಂತ ಮಾಡ್ತಾರಲ್ಲ, ಮಕ್ಕಳೇ ಸೊಪ್ಪು ತಂದು, ತೂಗಿ, ಮಾರಿ, ಲಾಭ ನಷ್ಟ ಬರೆದುಕೊಳ್ಳೋದು, ಅದು ಬಾಗಿಲು. ವರ್ಷಕ್ಕೊಂದು ದಿನ ತೆಗೀತಾರೆ, ಫೋಟೊ ಹಿಡೀತಾರೆ, ಚಿಲಕ ಹಾಕ್ತಾರೆ. ಈ ಮನೆಯ ಹುಡುಗನಿಗೆ ಅದೂ ಇಲ್ಲ. ಹಾಲಿಗೂ ಸ್ಕ್ಯಾನು, ಹಣ್ಣಿಗೂ ಸ್ಕ್ಯಾನು.

ನಾನು: ಮನೆಯಲ್ಲಿ ತಮ್ಮಂಥ ಮಣೆ ಇಲ್ಲದವರು ಏನು ಮಾಡಬೇಕು?

ಮಣೆ: ಮಣೆಯೇ ಬೇಕು ಅಂತ ಯಾರು ಹೇಳಿದ್ದು? ಟ್ರಾಫಿಕ್ಕಿನಲ್ಲಿ ನಿಂತಿರ್ತೀರಲ್ಲ, ಮುಂದಿನ ಕಾರಿನ ನಂಬರ್ ನೋಡಿ. 2341 ಅಂತಿಟ್ಟುಕೋ. ದೊಡ್ಡದರಿಂದ ಸಣ್ಣದಕ್ಕೆ ಜೋಡಿಸಿದರೆ 4321, ಸಣ್ಣದರಿಂದ ದೊಡ್ಡದಕ್ಕೆ 1234. ಕಳೆದರೆ 3087. ಅದಕ್ಕೂ ಹಾಗೇ ಮಾಡು, 8730ರಲ್ಲಿ 378 ಹೋದರೆ 8352. ಮತ್ತೊಮ್ಮೆ, 8532ರಲ್ಲಿ 2358 ಹೋದರೆ 6174. ಇನ್ನು ಎಷ್ಟು ಸಲ ಮಾಡಿದರೂ 6174 ಬಿಟ್ಟು ಕದಲಲ್ಲ. ನಾಲ್ಕೂ ಅಂಕಿ ಒಂದೇ ಆಗಿರಬಾರದು, ಅಷ್ಟೇ ಷರತ್ತು. ಯಾವ ನಂಬರಿನಿಂದ ಹೊರಟರೂ ಏಳು ಹೆಜ್ಜೆಯೊಳಗೆ ಅಲ್ಲಿಗೇ ಬಂದು ಬೀಳುತ್ತೆ. ಕಂಡುಹಿಡಿದವರು ನಾಸಿಕ್ ಹತ್ತಿರದ ದೇವಳಾಲಿಯ ಶಾಲಾ ಮೇಷ್ಟ್ರು, ಡಿ.ಆರ್. ಕಾಪ್ರೇಕರ್. ಸಂಖ್ಯೆಗಳ ಜೊತೆ ಆಡ್ತಾ ಇದ್ದರು, ಸಿಕ್ತು. ಬೆಂಗಳೂರಿನ ಟ್ರಾಫಿಕ್ಕಿಗೆ ಏಳು ಹೆಜ್ಜೆ ಏನೇನೂ ಸಾಲದು, ಹತ್ತು ಕಾರಿನದ್ದು ಮಾಡಬಹುದು.

(ಅಷ್ಟರಲ್ಲಿ ಮೀಟಿಂಗ್ ಮುಗಿಸಿ ಯಜಮಾನಿ ಹೊರಬಂದರು. ವಿಷಯ ತಿಳಿದು ಕಣ್ಣರಳಿಸಿದರು. "ಅಯ್ಯೋ, ಇದರಲ್ಲಿ ಮ್ಯಾತ್ಸ್ ಇತ್ತಾ? ನಾವು ಸುಮ್ನೆ ಆಡ್ತಿದ್ವಲ್ಲ! ಯಾರಾದರೂ ಕ್ಲಾಸ್ ತಗೋತಾರಾ? ಅಪಾರ್ಟ್‌ಮೆಂಟ್ ಗ್ರೂಪಿನಲ್ಲಿ ಹಾಕಿದರೆ ಈಗಲೇ ಹತ್ತು ಮಕ್ಕಳು ಸೇರ್ತಾರೆ. ಲೆವೆಲ್ಸ್ ಇರುತ್ತಾ? ಸರ್ಟಿಫಿಕೇಟು?" ಎಂದು ಫೋನು ತೆಗೆದುಕೊಂಡು ಬಾಲ್ಕನಿಗೆ ಹೋದರು.)

ಮಣೆ: ನೋಡಿದೆಯಾ? ಇದಕ್ಕೇ ನಾನು ಇಷ್ಟು ದಿನ ಬಾಯಿ ಬಿಟ್ಟಿರಲಿಲ್ಲ. ಅಜ್ಜಿಯ ಕಳ್ಳತನಕ್ಕೂ ಇನ್ನು ಸಿಲಬಸ್ ಬರುತ್ತೆ.

ನಾನು: ಈಗೇನು ಮಾಡೋಣ?

ಮಣೆ: ಹೋಗೋ ಮುಂಚೆ ನನ್ನ ಪಕ್ಕ ಒಂದು ಚೀಟಿ ಅಂಟಿಸು: 'ಬೆಲೆಬಾಳುವ ವಸ್ತು. ಮಕ್ಕಳು ಮುಟ್ಟಬಾರದು.' ಕೆಳಗೆ ಒಂದು ಬಟ್ಟಲು ಹುಣಸೆ ಬೀಜ ಇಟ್ಟು, ಮರೆತವನ ಹಾಗೆ ಹೊರಟುಬಿಡು. ಎಪ್ಪತ್ತು ಬೇಡ, ಅರವತ್ತೊಂಬತ್ತೇ ಇಡು.