ಅಮ್ಮನ ಬಲಮಂಡಿಗೆ ಬಹಿರಂಗ ಪತ್ರ

ಪ್ರೀತಿಯ ಮಂಡಿಯೇ,

ಮೊದಲು ನಿನ್ನ ಕ್ಷಮೆ ಕೇಳುತ್ತೇನೆ. ಎಕ್ಸ್‌ರೇ ನೋಡಿದವರು ‘ಸವೆದಿದೆ’ ಎಂದ ದಿನದಿಂದ ಎರಡು ವರ್ಷ ನಿನ್ನನ್ನು ಕುರ್ಚಿಯಲ್ಲೇ ಇರಿಸಿದೆವು. ರಂಗೋಲಿ ಬೇಡ, ಮೆಟ್ಟಿಲು ಬೇಡ, ಗುಡಿಯ ಪ್ರದಕ್ಷಿಣೆಯೂ ಬೇಡ. ಚಪ್ಪಲಿಯ ಅಟ್ಟೆಯಂತೆ ನೀನೂ ಬಳಸಿದಷ್ಟೂ ಸವೆಯುತ್ತೀಯ ಎಂದುಕೊಂಡಿದ್ದೆವು. ಅಮ್ಮನ ತೊಡೆ ಸೊರಗಿತು, ತೂಕ ಏರಿತು. ನೋವು ಮಾತ್ರ ಕದಲಲಿಲ್ಲ.

ನಿನ್ನೊಳಗಿನ ಮೃದ್ವಸ್ಥಿಗೆ ರಕ್ತನಾಳಗಳೇ ಇಲ್ಲ ಎಂದು ಆಗ ನನಗೆ ಗೊತ್ತಿರಲಿಲ್ಲ. ಕಾಲೂರಿದಾಗ ಅದು ಹಿಂಡಿಕೊಳ್ಳುತ್ತದೆ, ಎತ್ತಿದಾಗ ಕೀಲಿನ ದ್ರವವನ್ನು ಹೀರಿಕೊಳ್ಳುತ್ತದೆ. ಅದರ ಊಟ ಅದೇ. ನಾವು ವಿಶ್ರಾಂತಿಯೆಂದು ಕೊಟ್ಟದ್ದು ಉಪವಾಸ.

ನಮ್ಮ ಬೀದಿಯಲ್ಲಿ ಫಿಸಿಯೋಥೆರಪಿ ಎಂದರೆ ‘ಕರೆಂಟು ಕೊಡಿಸಿಕೊಂಡು ಬರೋದು’. ಅಮ್ಮನಿಗೂ ಹತ್ತು ದಿನ ಕೊಡಿಸಿದೆವು. ಬ್ರಿಟನ್ನಿನ ನೈಸ್ ಸಂಸ್ಥೆಯ 2022ರ ಮಾರ್ಗಸೂಚಿ ಮಂಡಿ ಸವೆತಕ್ಕೆ ಆ ಕರೆಂಟನ್ನು ಕೊಡಬೇಡಿ ಎನ್ನುತ್ತದೆ, ವ್ಯಾಯಾಮವನ್ನು ಮುಂದಿಡುತ್ತದೆ. ಡೆನ್ಮಾರ್ಕ್‌ನಲ್ಲಿ 2013ರಿಂದ ನಡೆಯುತ್ತಿರುವ ‘ಗ್ಲ್ಯಾಡ್’ ಕಾರ್ಯಕ್ರಮದಲ್ಲೂ ಯಂತ್ರವಿಲ್ಲ: ನೋವಿನ ಬಗ್ಗೆ ತಿಳಿವಳಿಕೆ, ಜೊತೆಗೆ ವಾರಕ್ಕೆ ಎರಡರಂತೆ ಹನ್ನೆರಡು ವ್ಯಾಯಾಮದ ತರಗತಿಗಳು.

ಕೊನೆಗೆ ಸಿಕ್ಕ ಫಿಸಿಯೋಥೆರಪಿಸ್ಟ್ ನಿನ್ನನ್ನು ಮುಟ್ಟುವ ಮೊದಲು ತೊಡೆಯ ಮುಂಭಾಗವನ್ನು ಒತ್ತಿ ನೋಡಿದರು. ‘ಇದು ಹೊರಬೇಕಾದ ಭಾರವನ್ನು ಮಂಡಿ ಹೊರುತ್ತಿದೆ’ ಎಂದರು. ಟವೆಲ್ಲಿನ ಸುರುಳಿಯನ್ನು ಮಂಡಿಯ ಕೆಳಗಿಟ್ಟು ಒತ್ತುವುದು, ಕೂತಲ್ಲೇ ಕಾಲು ನೀಡಿ ಐದು ಎಣಿಸುವುದು, ಕುರ್ಚಿಯಿಂದ ಕೈಯೂರದೆ ಏಳುವುದು. ಇಷ್ಟೇ. ತೂಕದ ಮಾತೂ ಬಂತು: ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ನಿನ್ನ ಮೇಲಿನ ಹೊರೆ ಸುಮಾರು ನಾಲ್ಕು ಕಿಲೋ ತಗ್ಗುತ್ತದೆ.

ಎರಡನೇ ವಾರ ನೀನು ಹೆಚ್ಚೇ ನೋಯುತ್ತಿದ್ದೆ. ಅಮ್ಮ ‘ನಂಗೆ ಇದು ಆಗಿಬರಲ್ಲ’ ಎಂದು ಟವೆಲ್ಲನ್ನು ಮಡಚಿ ಬೀರುವಿನಲ್ಲಿಟ್ಟಳು. ಬಹಳ ಜನ ಬಿಟ್ಟುಬಿಡುವುದು ಇಲ್ಲೇ. ಶುರುವಿನಲ್ಲಿ ನೋವು ತುಸು ಏರುವುದು ಸಹಜ, ಮರುದಿನ ಬೆಳಗ್ಗೆ ಮೊದಲಿನಷ್ಟಕ್ಕೆ ಇಳಿದರೆ ಮುಂದುವರಿಸಿ, ಇಳಿಯದಿದ್ದರೆ ಎಣಿಕೆ ತಗ್ಗಿಸಿ ಎಂದು ಫಿಸಿಯೋಥೆರಪಿಸ್ಟ್ ಮೊದಲ ದಿನವೇ ಹೇಳಿದ್ದರು. ಆ ಮಾತೊಂದು ನೆನಪಿದ್ದುದರಿಂದ ಟವೆಲ್ಲು ಮತ್ತೆ ಹೊರಗೆ ಬಂತು.

ಈ ಪತ್ರ ಓದುವ ಬೇರೆ ಮಂಡಿಗಳಿಗೂ ಒಂದು ಮಾತು: ಬಿಸಿಯೇರಿ ಕೆಂಪಾಗಿ ಊದಿದ್ದರೆ, ಬೆಳಗಿನ ಬಿಗಿತ ತಾಸು ಕಳೆದರೂ ಸಡಿಲದಿದ್ದರೆ, ಬೆರಳಿನ ಗೆಣ್ಣುಗಳೂ ನೋಯುತ್ತಿದ್ದರೆ ಅದು ಸವೆತವಲ್ಲ, ರುಮಟಾಯ್ಡ್ ಸಂಧಿವಾತ ಇರಬಹುದು. ವ್ಯಾಯಾಮಕ್ಕೆ ಮೊದಲು ವೈದ್ಯರನ್ನು ಕಾಣಿ, ತಡಮಾಡಬೇಡಿ.

ನೀನಿನ್ನೂ ನೋಯುತ್ತೀಯ, ಗೊತ್ತು. ಮೆಟ್ಟಿಲಿಳಿಯುವಾಗ ಅಮ್ಮ ಈಗಲೂ ಕಂಬಿ ಹಿಡಿಯುತ್ತಾಳೆ. ಆದರೆ ನಿನ್ನೆ ಸಂಜೆ ಕುರ್ಚಿಯಿಂದ ಕೈಯೂರದೆ ಹನ್ನೊಂದು ಸಲ ಎದ್ದಳು. ಎಣಿಸಿದವಳು ನಾನು.

ಇಂತಿ,
ನಿನ್ನೊಡತಿಯ ಮಗಳು